ಅಂಟಲ್ಲ, ನಂಟು

ಮುಖದಲ್ಲೊಂದು ಗಂಟು ಎದ್ದರೆ ಸಾಕು, ಮನೆಮಂದಿಯೆಲ್ಲ ಡಾಕ್ಟರಾಗಿಬಿಡುತ್ತಾರೆ. ಕೊಟ್ಟಿಗೆಹಾರದ ಶಹರ್ ಬಾನು ಕೂಡ ವೀಳ್ಯದ ತಟ್ಟೆಯ ಸುಣ್ಣಕ್ಕೆ ಬಟ್ಟೆ ಸೋಡ ಕಲಸುತ್ತಾ ಮೊಮ್ಮಗಳನ್ನು ಕರೆದರು.

"ಸನಾ, ಬಾ ಇಲ್ಲಿ. ಈ ನರುಲಿ ಸುಟ್ರೆ ತಾನಾಗೇ ಉದುರ್ತದೆ."

ಹತ್ತನೇ ಕ್ಲಾಸಿನ ಸನಾಳ ಮೂಗಿನ ಸುತ್ತ ಸಣ್ಣ ಸಣ್ಣ ಗಂಟುಗಳಿದ್ದವು. ಪಕ್ಕದಲ್ಲಿ ಕೂರಲು ಯಾರೂ ಒಪ್ಪದೆ ಅವಳು ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಳು. ತಾಯಿ ತಸ್ಲೀಮಾಳ ಮುಖದಲ್ಲೂ ಅಂಥವೇ ಗಂಟುಗಳು, ಜೊತೆಗೆ ಕೆನ್ನೆಯ ಮೇಲೊಂದು ಬಿಳಿ ಕಲೆ. ಅದು ಚಿಕ್ಕಂದಿನಲ್ಲಿ ತವರಿನಲ್ಲಿ ಇದೇ ಸುಣ್ಣ-ಸೋಡ ಸುಟ್ಟ ಗುರುತು.

ತಸ್ಲೀಮಾ ತಟ್ಟೆ ಕಿತ್ತುಕೊಂಡಳು. "ನನ್ನ ಮುಖ ಸುಟ್ಟಿದ್ದು ಸಾಕು ಅತ್ತೆ. ಮಗಳ ಮುಖ ಮುಟ್ಟೋಕೆ ಬಿಡೋದಿಲ್ಲ."

"ಅಂಟಿಸಿದ್ದು ನೀನೇ ಅಲ್ವಾ? ನಿನ್ನ ಟವೆಲ್ ಯಾರೂ ಮುಟ್ಬೇಡಿ ಅಂತ ಬಡ್ಕೊಂಡೆ!"

ಮದುವೆಯಾದಂದಿನಿಂದ ತಸ್ಲೀಮಾಳ ಟವೆಲ್ಲಿಗೆ ಆ ಮನೆಯಲ್ಲಿ ಬೇರೆಯೇ ಮೊಳೆ. ತಾನೇ ಅಂಟಿಸಿದೆನೇನೋ ಎಂಬ ಅನುಮಾನ ಅವಳಿಗೂ ಇತ್ತು.

ಗಲಾಟೆ ಕೇಳಿ ಪಕ್ಕದ ಮನೆಯ ನರ್ಸ್ ಮೇಘಶ್ರೀ ಬಂದಳು. "ಜಗಳ ಯಾಕೆ ಮಾರಾಯ್ತಿ? ಚರ್ಮದ ಡಾಕ್ಟ್ರಿಗೆ ತೋರ್ಸುವ. ಅಮ್ಮ, ನೀವೂ ಬನ್ನಿ. ನಿಮ್ಮ ಅನುಮಾನ ಅವ್ರನ್ನೇ ಕೇಳಿ."

"ಬರ್ತೇನೆ. ನಂಗೇನು ಹೆದರಿಕೆಯಾ?" ಎಂದರು ಶಹರ್ ಬಾನು.

ಮರುದಿನವೇ ಚಿಕ್ಕಮಗಳೂರಿನ ಬಸ್ಸು ಹತ್ತಿದರು. ಡಾಕ್ಟರು ತಾಯಿ, ಮಗಳು ಇಬ್ಬರ ಮುಖವನ್ನೂ ನೋಡಿ ತಸ್ಲೀಮಾಳನ್ನು ಕೇಳಿದರು, "ನಿಮ್ಮ ತಾಯಿಗೂ ಇತ್ತಾ?"

"ಇತ್ತು."

ಒಂದು ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ರಿಪೋರ್ಟ್ ಬಂದ ದಿನ ಶಹರ್ ಬಾನುವೇ ಮೊದಲು ಬಾಯಿ ತೆರೆದರು. "ಇದು ಅಂಟು ಅಲ್ವಾ ಡಾಕ್ಟ್ರೇ?"

"ಅಂಟಲ್ಲ ಅಮ್ಮ, ನಂಟು. ಕಣ್ಣು, ಮೂಗು ಬಂದ ಹಾಗೆ ತಾಯಿಯಿಂದ ಮಗಳಿಗೆ ಬಂದದ್ದು. ಹುಟ್ಟೋ ಮಕ್ಕಳಿಗೆಲ್ಲ ಬರಬೇಕು ಅಂತಿಲ್ಲ. ಇದು ನರುಲಿಯೂ ಅಲ್ಲ, ಕ್ಯಾನ್ಸರೂ ಅಲ್ಲ. ಬೇಡ ಅನ್ನಿಸಿದ್ರೆ ಲೇಸರಲ್ಲಿ ತೆಗೀಬಹುದು, ಮತ್ತೆ ಬಂದ್ರೂ ಬರಬಹುದು. ಯಾವ್ದಾದ್ರೂ ಗಂಟು ಬೇಗ ಬೆಳೆದ್ರೆ, ಹುಣ್ಣಾದ್ರೆ, ರಕ್ತ ಬಂದ್ರೆ ಮಾತ್ರ ತಡ ಮಾಡ್ಬೇಡಿ."

"ಹಾಗಾದ್ರೆ ನನ್ನ ತಪ್ಪಲ್ವಾ?" ತಸ್ಲೀಮಾ ಕೇಳಿದಳು.

"ಯಾರ ತಪ್ಪೂ ಅಲ್ಲ."

ಶಹರ್ ಬಾನು ಮನೆಗೆ ಬಂದು ಮುಖ ತೊಳೆದು, ಸೊಸೆಯ ಟವೆಲ್ಲನ್ನೇ ಎಳೆದುಕೊಂಡು ಮುಖ ಒರೆಸಿಕೊಂಡರು. ಆಮೇಲೆ ಅದನ್ನು ಎಲ್ಲರ ಟವೆಲ್ಲುಗಳ ಜೊತೆ ಹಗ್ಗಕ್ಕೆ ಹಾಕಿದರು. ತಸ್ಲೀಮಾ ಆ ಖಾಲಿ ಮೊಳೆಯನ್ನು ಕಿತ್ತೇಬಿಟ್ಟಳು.

"ಸನಾ, ನಾಳೆ ಶಾಲೆಗೆ ನಾನೂ ಬರ್ತೇನೆ," ಎಂದರು ಅಜ್ಜಿ. "ಪಕ್ಕ ಕೂರಲ್ಲ ಅಂತ ಯಾರು ಹೇಳ್ತಾರೋ ನೋಡೇಬಿಡುವ."

ನಿಮ್ಮ ಮನೆಯಲ್ಲಿ ಯಾರ ಮುಖದಲ್ಲಾದರೂ ಇಂಥ ಗಂಟುಗಳಿದ್ದರೆ ಸುಡಬೇಡಿ, ಕೀಳಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಡಾಕ್ಟರು ಅಂಟಲ್ಲ ಎಂದ ಮೇಲೆ ನೀವೂ ಆ ಮಾತು ನಂಬಿ, ಹೋಗಿ ಅವರ ಪಕ್ಕದಲ್ಲೇ ಕುಳಿತುಕೊಳ್ಳಿ.