ಕುಳ್ಳಮ್ಮನ ಫೋಟೊ

“ಆ ಟಿವಿ ಮ್ಯಾಲೆ ಕೈ ಇಕ್ಕಬ್ಯಾಡ ಕಣ್ಲಾ ಕರಿಯ! ಗಾಜು ಒಡುದ್ರೆ ನಿನ್ನ ಚರ್ಮ ಸುಲ್ದು ಗುಜರಿಗೆ ಹಾಕ್ತೀನಿ, ಬೋಳಿಮಗ್ನೆ.”

ಕರಿಯಯ್ಯ ಕೈ ಹಿಂದಕ್ಕೆ ತೆಗೆದುಕೊಂಡ. ಕಂಟ್ರಾಕ್ಟರ್ ಲಿಂಗರಾಜು ಹಿಂಬಾಗಿಲ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಹುಣಸೂರಿನ ಆ ಬಾಡಿಗೆ ಮನೆಯ ಹಿತ್ತಲಲ್ಲಿ ಹಳೆಯ ಕಂಪ್ಯೂಟರುಗಳು ರಾಶಿ ಬಿದ್ದಿದ್ದವು. ಏಳು ವರ್ಷದ ಹಿಂದೆ ರೇಷನ್ ಕಾರ್ಡಿಗೆ ಫೋಟೊ ತೆಗೆಯಲು ಜೀಪಿನಲ್ಲಿ ಊರೂರು ಸುತ್ತಿದ್ದು ಇವೇ. ಈಗ ಹೊಸವು ಬಂದಿದ್ದವು. ಹಳೆಯವನ್ನು ಒಡೆದು ಹಾಕಲು ಲಿಂಗರಾಜು ಹನಗೋಡಿನ ಕೇರಿಯಿಂದ ಇಬ್ಬರನ್ನು ಕರೆಸಿದ್ದ: ಕರಿಯಯ್ಯ, ಜವರಯ್ಯ.

ಜವರಯ್ಯ ತಿರುಪು ಬಿಚ್ಚಿ, ವೈರು ಕಿತ್ತು, ಡಬ್ಬದ ಒಳಗಿಂದ ಅಂಗೈಯಗಲದ ಒಂದು ಭಾರದ ಪೆಟ್ಟಿಗೆಯನ್ನು ತೆಗೆದು ಕೊಡುತ್ತಿದ್ದ. ಒಂದೊಂದರ ಮೇಲೂ ಬಿಳಿ ಚೀಟಿ ಅಂಟಿಸಿ ಏನೋ ಬರೆದಿತ್ತು. ಕರಿಯಯ್ಯ ಅದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜುತ್ತಿದ್ದ.

“ಒಂದೂ ಇಡಿಯಾಗಿ ಆಚೆಗೆ ಹೋಗ್ಕೂಡ್ದು,” ಎಂದು ಲಿಂಗರಾಜು ಬೆಳಿಗ್ಗೆಯೇ ಹೇಳಿದ್ದ. “ನಾಳೆ ಯಾವನೋ ಬಂದು ಯಾರ ಕಾರ್ಡು ಎಲ್ಲೋಯ್ತು ಅಂತ ಕೇಳಿದ್ರೆ ತೋರ್ಸಾಕೆ ಏನೂ ಇರಬಾರ್ದು. ಪುಡಿ ಮಾಡು.”

ಕರಿಯಯ್ಯನಿಗೆ ಆ ಪೆಟ್ಟಿಗೆಗಳ ಮೇಲೆ ಗಮನವಿರಲಿಲ್ಲ. ಅವನ ಕಣ್ಣು ಗೋಡೆಗೆ ಒರಗಿಸಿದ್ದ ಕಂಪ್ಯೂಟರಿನ ಆ ಟಿವಿಯ ಮೇಲಿತ್ತು. ಮೂಲೆಯಲ್ಲಿ ಬೀಡಿ ಸುಟ್ಟ ಕಲೆ. ಅದೇ.

“ಬುದ್ದಿ, ನಂಗೆ ಕೂಲಿ ಬ್ಯಾಡ,” ಎಂದ. “ಈ ಟಿವಿ ಕೊಡಿ.”

ಲಿಂಗರಾಜು ಹೊಟ್ಟೆ ಕುಣಿಸಿ ನಕ್ಕ. “ಕೇಳ್ದೇನ್ಲಾ ಜವರ? ಇವ್ನು ಸೀರಿಯಲ್ ನೋಡ್ತಾನಂತೆ! ಲೇ, ನಿಮ್ ಗುಡ್ಲಿಗೆ ಕರೆಂಟೇ ಇಲ್ವಲ್ಲೋ.”

“ಇರ್ಲಿ ಬುದ್ದಿ.”

“ತಕ್ಕೊಂಡು ಸಾಯಿ. ಆದ್ರೆ ಎಲ್ಲಾ ಮುಗ್ಸೇ ಹೋಗ್ಬೇಕು.”

ಕರಿಯಯ್ಯ ಹೆಗಲ ಟವೆಲ್ಲು ತೆಗೆದು ಗಾಜಿಗೆ ಹೊದಿಸಿದ. ನೆರಳಿಗೆ ಸರಿಸಿದ. ಆಮೇಲೆ ಬಂದು ಮೊದಲಿಗಿಂತ ಜೋರಾಗಿ ಸುತ್ತಿಗೆ ಬೀಸತೊಡಗಿದ.

ಫೋಟೊ ತೆಗೆದ ಆವತ್ತು ಕೇರಿಯವರನ್ನು ಸ್ಕೂಲಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಿದ್ದರು. ಊರವರದ್ದೆಲ್ಲ ಮುಗಿದ ಮೇಲೆ ಒಳಗೆ ಕರೆದರು. ಕರಿಯಯ್ಯನ ಹೆಂಡತಿ ಕುಳ್ಳಮ್ಮ ಸ್ಟೂಲಿನ ಮೇಲೆ ಕೂತಳು, ಅವನು ಪಕ್ಕದಲ್ಲಿ ನಿಂತ. “ಮುಖ ಎತ್ತಮ್ಮಿ. ಬರೀ ಹಲ್ಲು ಕಾಣ್ತಾವೆ. ಯಾರಾದ್ರೂ ಇವಳಿಗೆ ಒಸಿ ಪೌಡ್ರು ಬಳೀರ್ಲಾ,” ಎಂದಿದ್ದ ಲಿಂಗರಾಜು. ಕಿಟಕಿಯಲ್ಲಿ ಇಣುಕುತ್ತಿದ್ದವರು ನಕ್ಕರು. ಏನೆಂದು ತಿಳಿಯದೆ ಅವಳೂ ನಕ್ಕಳು. ಅಷ್ಟರಲ್ಲಿ ಮೂಲೆಯಲ್ಲಿ ಬೀಡಿ ಸುಟ್ಟ ಕಲೆಯಿದ್ದ ಟಿವಿಯ ಗಾಜಿನೊಳಗೆ ಅವಳ ಮುಖ ಮೂಡಿತು, ತಟ್ಟೆಯಷ್ಟು ದೊಡ್ಡದು. “ಇದು ನಾನಾ?” ಎಂದು ಅವನನ್ನು ಕೇಳಿದಳು. ಮನೆಗೆ ನಡೆಯುವಾಗ ಕೆರೆ ಏರಿಯ ಹತ್ತಿರ, “ನಾನು ಅಷ್ಟೇನ್ ಕೆಟ್ದಾಗಿಲ್ಲ, ಅಲ್ವಾ?” ಎಂದಳು.

ಕಾರ್ಡು ಬರಲಿಲ್ಲ. ಕೇಳಲು ಹೋದಾಗಲೆಲ್ಲ “ಕಂಪ್ಯೂಟ್ರಲ್ಲಿ ಅದೆ, ಬತ್ತದೆ ಓಗು” ಎಂದರು. ಮೂರನೆಯ ವರ್ಷ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ದುಡಿಯುತ್ತಿದ್ದಾಗ ಕೆಮ್ಮಿ ಕೆಮ್ಮಿ ಕುಳ್ಳಮ್ಮ ಹೋದಳು. ಅವಳದು ಬೇರೆ ಫೋಟೊ ಇರಲಿಲ್ಲ. ಮಾರ್ಲಮಿ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವಾಗ ಕರಿಯಯ್ಯ ಅವಳ ಸೀರೆಯನ್ನು ಮಡಿಸಿ ಮಣೆಯ ಮೇಲಿಟ್ಟು ಅದಕ್ಕೇ ಕುಂಕುಮ ಹಚ್ಚುತ್ತಿದ್ದ. ಈಚೆಗೆ ಅವಳ ಮುಖ ಅವನಿಗೆ ಸರಿಯಾಗಿ ನೆನಪಾಗುತ್ತಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಆಫೀಸಿನ ಹುಡುಗಿ ಮೀನಾ ಪ್ಲಾಸ್ಟಿಕ್ ಲೋಟದಲ್ಲಿ ಟೀ ತಂದಳು. ಟೈಪು ಮಾಡುವ ಕೆಲಸ ಅವಳದು. ಟವೆಲ್ಲು ಹೊದ್ದ ಟಿವಿ ನೋಡಿ ಕೇಳಿದಳು, “ಇದನ್ನ ಏನ್ ಮಾಡ್ತೀರ ತಾತ?”

ಕರಿಯಯ್ಯ ತಲೆಯೆತ್ತಲಿಲ್ಲ. “ನಮ್ಮೋಳು ಅದ್ರೊಳ್ಗವ್ಳೆ ಕಣವ್ವ. ಮಗನ ಊರಲ್ಲಿ ಕರೆಂಟದೆ. ಅಲ್ಲಿ ಹಾಕುಸ್ಕೊಂಡು ಒಂದ್ಕಿತ ನೋಡ್ತೀನಿ.”

ಅವಳಿಗೆ ಅರ್ಥವಾಗಲಿಲ್ಲ. ಅವನು ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಟೀ ಆರಿತ್ತು. ಮೀನಾ ಟವೆಲ್ಲಿನ ತುದಿ ಎತ್ತಿ ನೋಡಿದಳು.

“ತಾತ, ಅದು ಬರೀ ಗಾಜು. ಕನ್ನಡಿ ಇದ್ದಂಗೆ. ತೋರಿಸ್ತದೆ ಅಷ್ಟೆ, ಇಟ್ಕೊಳಲ್ಲ.”

“ಮತ್ತೆ ಎಲ್ಲವ್ಳೆ?”

ಅವಳು ಪೆಟ್ಟಿಗೆ ಜಜ್ಜುತ್ತಿದ್ದ ಕಲ್ಲಿನ ಕಡೆ ನೋಡಿದಳು. ಅವನೂ ನೋಡಿದ. ಸುತ್ತಿಗೆಯ ಕೆಳಗೆ ಸೊಟ್ಟಗಾದ ತಗಡುಗಳು, ಅವುಗಳ ನಡುವೆ ಮಡಚಿಹೋದ ಹೊಳೆಯುವ ಬಿಲ್ಲೆಗಳು.

ಮೀನಾ ಕುಕ್ಕರಗಾಲಲ್ಲಿ ಕೂತು ಚೂರುಗಳಲ್ಲಿ ಕೈಯಾಡಿಸಿದಳು. ಹರಿದ ಚೀಟಿಗಳನ್ನು ಒಂದೊಂದಾಗಿ ನೋಡಿ ಬಿಟ್ಟಳು. ಒಂದನ್ನು ಬಿಡಲಿಲ್ಲ.

“ಓದವ್ವ.”

“ಹನಗೋಡು.”

ಜವರಯ್ಯ ತಿರುಪುಳಿ ಕೆಳಗಿಟ್ಟ. “ಅದ್ನೇ ಮೊದ್ಲು ತೆಗ್ದು ಕೊಟ್ಬುಟ್ನಲ್ಲೋ ಕರಿಯಣ್ಣ,” ಎಂದ. “ನನ್ ಕೈ ಸೇದೋಗಾ.”

ಕರಿಯಯ್ಯ ಒಂದು ಬಿಲ್ಲೆಯನ್ನು ಎತ್ತಿಕೊಂಡು ಎರಡೂ ಹೆಬ್ಬೆರಳಿಂದ ನೆಟ್ಟಗೆ ಮಾಡಲು ನೋಡಿದ. ಅದು ಅಷ್ಟಿಷ್ಟು ಬಾಗಿ ಮತ್ತೆ ಮೊದಲಿನಂತಾಯಿತು. ಮತ್ತೊಮ್ಮೆ ನೋಡಿದ. ಬೆರಳು ಕುಯ್ದು ರಕ್ತ ಬಂತು.

“ಏನ್ಲಾ ಅದು, ಹೆಣದ ಮುಂದೆ ಕೂತಂಗೆ ಕೂತಿದ್ದೀರ? ಹೊಡೀರ್ಲಾ!” ಮೆಟ್ಟಿಲಿನಿಂದ ಲಿಂಗರಾಜು ಕೂಗಿದ.

ಇನ್ನೂ ಎಂಟು ಪೆಟ್ಟಿಗೆಗಳು ಗೋಣಿಯ ಮೇಲೆ ಸಾಲಾಗಿ ಇದ್ದವು. ಕರಿಯಯ್ಯ ಅವುಗಳ ಕಡೆ ಕೈ ತೋರಿಸಿದ. “ಇವ್ರೊಳ್ಗೆ ಯಾರವ್ರೆ?”

ಮೀನಾ ತಗ್ಗಿದ ದನಿಯಲ್ಲಿ ಓದಿದಳು. ಗಾವಡಗೆರೆ. ಬಿಳಿಕೆರೆ. ರಾವಂದೂರು. ಬೆಟ್ಟದಪುರ. ಸರಗೂರು. ಮಿರ್ಲೆ. ಇನ್ನೆರಡರ ಮೇಲಿನ ಶಾಯಿ ಅಳಿಸಿತ್ತು.

“ಕೇರಿಯೋರೂ ಅವ್ರಾ?”

“ಎಲ್ಲಾರೂ ಅವ್ರೆ ತಾತ. ಕಾರ್ಡು ಬರ್ದೇ ಇರೋರೂ.”

ಕರಿಯಯ್ಯ ಎಂಟನ್ನೂ ಒಂದರ ಮೇಲೊಂದು ತಾಗದಂತೆ ಗೋಣಿಯಲ್ಲಿ ಜೋಡಿಸಿ ಬಾಯಿ ಕಟ್ಟಿದ. ತೊಡೆಗೆ ಒತ್ತಿಕೊಂಡು ನೆಲದ ಮೇಲೆ ಕೂತ. ಸುತ್ತಿಗೆ ಬಲಗೈಯಲ್ಲೇ ಇತ್ತು.

ಲಿಂಗರಾಜು ಇಳಿದು ಬಂದ. ಸುತ್ತಿಗೆ ನೋಡಿ ನಾಲ್ಕು ಮಾರು ದೂರದಲ್ಲಿ ನಿಂತ. “ಏನ್ಲಾ, ಕುಡ್ದಿದ್ದೀಯಾ? ಕೊಡ್ಲಾ ಇಲ್ಲಿ.”

“ಕೊಡಾಕಿಲ್ಲ. ನಮ್ಮೋಳ ಫೋಟೊ ಪುಡಿಯಾದಂಗೆ ಇವ್ರದ್ದೂ ಆಗ್ಕೂಡ್ದು.”

“ನಿನ್ ಹೆಂಡ್ರು ಸತ್ತು ಎಷ್ಟ್ ವರ್ಷಾಯ್ತೋ, ಮುಂಡೇಮಗ್ನೆ! ಹೊಸ ಮಿಷನ್ನು ಬಂದದೆ. ಬಾ, ಬಣ್ಣದ ಫೋಟೊ ತೆಗ್ಸಿ ಕೊಡ್ತೀನಿ.”

“ಯಾರ್ದು?”

ಲಿಂಗರಾಜು ಅತ್ತಿತ್ತ ನೋಡಿ, ಸಿಕ್ಕಿದ್ದಕ್ಕೆ ಒದ್ದ. ಟಿವಿ ಹೊರಳಿ ಬಿತ್ತು. ಟವೆಲ್ಲಿನೊಳಗೆ ಗಾಜು ಸದ್ದು ಮಾಡಿತು. ಕರಿಯಯ್ಯ ತಿರುಗಿ ನೋಡಲಿಲ್ಲ.

“ಪೊಲೀಸ್ರಿಗೆ ಫೋನ್ ಮಾಡ್ತೀನಿ. ಕಳ್ತನದ ಕೇಸು ಹಾಕುಸ್ತೀನಿ.”

“ಹಾಕ್ಸು,” ಎಂದ ಕರಿಯಯ್ಯ. ಬುದ್ದಿ ಎನ್ನಲಿಲ್ಲ. “ಬರ್ಲಿ ಅವ್ರು. ಯಾವ್ಯಾವ ಕೇರಿಯೋರು ಇದ್ರೊಳ್ಗವ್ರೆ ಅಂತ ಅವ್ರ ಮುಂದೇನೇ ಓದ್ಸನ.”

ಲಿಂಗರಾಜು ಮೀನಾಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಚೀಟಿ ಇದ್ದ ಕೈ ಮುಷ್ಟಿಯಾಗಿತ್ತು.

ಜವರಯ್ಯ ಬಂದು ಗೋಣಿಯ ಇನ್ನೊಂದು ಪಕ್ಕದಲ್ಲಿ ಕೂತ. ಲಿಂಗರಾಜು ಒಳಗೆ ಹೋಗಿ ಫೋನು ಮಾಡಿ ಬಂದು ಕುರ್ಚಿಯ ತುದಿಯಲ್ಲಿ ಕೂತ. ಅರ್ಧ ಗಂಟೆ ಹೀಗೇ ಕಳೆಯಿತು.

ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು. ಬೂಟುಗಾಲುಗಳು ಮನೆಯೊಳಗಿಂದ ಹಿತ್ತಲಿಗೆ ಬಂದವು. ಲಿಂಗರಾಜು ಧಡಕ್ಕನೆ ಎದ್ದ. ಅಭ್ಯಾಸಬಲದಿಂದ ಜವರಯ್ಯನೂ ಅರ್ಧ ಎದ್ದ.

ಕರಿಯಯ್ಯ ಏಳಲಿಲ್ಲ.