ಹಳೇ ಗಾಜು ನಮಗಿರ್ಲಿ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿರುವ ಯಲ್ಲೇಶನ ಗಾಜಿನ ಅಂಗಡಿಗೆ ಬರುವುದೆಲ್ಲ ಅದಿರಿನ ಲಾರಿಗಳೇ. ಕಲ್ಲು ಸಿಡಿದು ಒಡೆದ ಗಾಜು ತೆಗೆದು ಯಲ್ಲೇಶ, ಅವನ ಹೆಂಡತಿ ಪಂಪಾವತಿ ಇಬ್ಬರೂ ಸೇರಿ ಹೊಸದು ಕೂರಿಸುತ್ತಾರೆ. ಹಾಗಾಗಿ ಆ ಬೆಳಿಗ್ಗೆ ಜೀಪಿನ ಹಿಂದೆ ಟ್ರಾಲಿಯ ಮೇಲೆ ಒಂದು ಬೋಟು ಬಂದು ನಿಂತಾಗ ಪಕ್ಕದ ಪಂಕ್ಚರ್ ಅಂಗಡಿಯವರೂ ಎದ್ದು ಬಂದರು. ಯಲ್ಲೇಶ ಕಂಪ್ಲಿಗೆ ಹೋಗಿದ್ದ. ಅಂಗಡಿಯಲ್ಲಿ ಪಂಪಾವತಿ ಒಬ್ಬಳೇ ಇದ್ದಳು.

ಬೋಟಿನ ಪಕ್ಕೆಯ ಹಳದಿ ಪಟ್ಟಿ ಕಂಡದ್ದೇ ಅವಳ ಮೈ ಬಿಸಿಯಾಯಿತು.

ಅವಳ ಅಪ್ಪ ಹುಸೇನಪ್ಪ ಟಿ.ಬಿ. ಡ್ಯಾಂ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದವನು. ಹೋದ ವರ್ಷ ಡ್ಯಾಂ ತುಂಬಿದ್ದಾಗ, ಬಲೆ ಎಳೆಯುತ್ತಿದ್ದವನ ಹರಿಗೋಲಿನ ಮೇಲೆ ಪ್ರವಾಸಿಗರನ್ನು ಹೊತ್ತ ಬೋಟೊಂದು ನುಗ್ಗಿತು. ಮುದುಕ ಎದ್ದು ಹುಟ್ಟು ಅಡ್ಡ ಹಿಡಿದ. ಅದು ಬೋಟಿನ ಗಾಜಿಗೆ ಬಡಿದು ಮುರಿಯಿತು. ಹರಿಗೋಲು ಮಗುಚಿ, ಅವನ ಬಲಗೈ ಬೋಟಿನಡಿ ನೀರಲ್ಲಿ ತಿರುಗುವ ಫ್ಯಾನಿಗೆ ಸಿಕ್ಕಿತು. ಬೋಟು ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಕೈಯನ್ನು ಮೊಣಕೈವರೆಗೆ ತೆಗೆದರು. ಹಳದಿ ಪಟ್ಟಿಯ ಬೋಟು ಜಂಬುನಾಥನದೆಂದು ದಡದವರಿಗೆಲ್ಲ ಗೊತ್ತಿತ್ತು. ಆ ದಿನ ತನ್ನ ಬೋಟು ನೀರಿಗಿಳಿದೇ ಇಲ್ಲ ಎಂದು ಅವನು ಠಾಣೆಯಲ್ಲಿ ಹೇಳಿದ. ಬೋಟನ್ನು ಎಲ್ಲೋ ಬಚ್ಚಿಟ್ಟ. ನೋಡಿದವರು ಬಾಯಿ ಬಿಡಲಿಲ್ಲ. ಕೇಸು ಅಲ್ಲಿಗೇ ನಿಂತಿತು. ಠಾಣೆಯ ಬಾಗಿಲಲ್ಲಿ ಪಂಪಾವತಿ ಅವನನ್ನು ನೋಡಿದ್ದಳು. ಅವನು ಅವಳತ್ತ ತಿರುಗಿಯೂ ನೋಡಿರಲಿಲ್ಲ.

ಈಗ ಅವನೇ ಜೀಪಿನಿಂದ ಇಳಿದ.

"ಹೆಂಗ ಒಡೀತ್ರಿ ಇದು?" ಎಂದಳು ಪಂಪಾವತಿ, ಬೋಟಿನ ಒಡೆದ ಗಾಜು ತೋರಿಸಿ.

ಜಂಬುನಾಥ ಫೋನು ನೋಡುತ್ತಲೇ ನಕ್ಕ. "ಯಾವನೋ ಮುದುಕ ಹುಟ್ಟಿಲೆ ಬಡದ. ಜಲ್ದಿ ಕುಂದ್ರಿಸು ತಂಗಿ, ನಾಳೆ ಹಂಪಿಯಿಂದ ಗೆಸ್ಟ್ ಬರಾರದಾರ."

"ಮುದುಕಗ ಏನರ ಆತೇನ್ರಿ?"

"ಅವಂಗೇನಾಕ್ಕತಿ. ಭಾಳ ಗಟ್ಟಿ ಅದಾವ ಆ ಮಂದಿ."

ಪಂಕ್ಚರ್ ಅಂಗಡಿಯವರು ಮುಖ ಮುಖ ನೋಡಿಕೊಂಡರು. ಅವಳು ಯಾರ ಮಗಳೆಂದು ಅವರಿಗೆ ಗೊತ್ತಿತ್ತು. ಪಂಪಾವತಿ ಅಳತೆಗೆ ಬೇಕೆಂದು ಹೇಳಿ ಬೋಟನ್ನು ಸುತ್ತ ಫೋಟೊ ತೆಗೆದಳು. ಆಮೇಲೆ ಸ್ಕ್ರೂ ಬಿಚ್ಚಿ, ರಬ್ಬರಿನ ಪಟ್ಟಿ ಎಳೆದಳು. ಒಡೆದ ಮೂಲೆಯಲ್ಲಿ, ಗಾಜು ಮತ್ತು ರಬ್ಬರಿನ ನಡುವೆ, ಹಸಿರು ಬಣ್ಣದ ಕಟ್ಟಿಗೆಯ ಸಿಬಿರೊಂದು ಸಿಕ್ಕಿಕೊಂಡಿತ್ತು. ಮನೆ ಬಾಗಿಲಿಗೆ ಹಚ್ಚಿ ಮಿಕ್ಕ ಹಸಿರು ಬಣ್ಣವನ್ನು ಅಪ್ಪ ತನ್ನ ಹುಟ್ಟಿಗೆ ಬಳಿದಿದ್ದ. ಅವಳು ಅದನ್ನು ಅಲ್ಲಾಡಿಸದೆ, ಗಾಜಿನ ಸಮೇತ ಗೋಣಿಚೀಲದಲ್ಲಿ ಸುತ್ತಿಟ್ಟಳು.

ಹೊಸ ಅಕ್ರಿಲಿಕ್ ಶೀಟು ಕತ್ತರಿಸಿ, ಅಂಚು ಉಜ್ಜಿ ಕೂರಿಸಿದಳು. ಸ್ಕ್ರೂ ಹಾಕುವಾಗ ಕೈ ನಿಂತಿತು. ಕೆಳಗಿನವನ್ನು ಸಡಿಲ ಬಿಟ್ಟರೆ ಸಾಕು, ಬೋಟು ವೇಗ ಹಿಡಿದಾಗ ಇಡೀ ಗಾಜು ಎದ್ದು ಓಡಿಸುವವನ ಮುಖಕ್ಕೆ ಬಡಿಯುತ್ತದೆ. ಆ ಮುಖವನ್ನು ನೆನೆದಾಗ ಹಿತವೆನಿಸಿತು. ಆದರೆ ಪಕ್ಕದ ಸೀಟಿನಲ್ಲಿ ಯಾರ ಮಗುವೋ ಕೂತಿರಬಹುದು. ಅಲ್ಲದೆ ಜನ ಅದನ್ನು ಅಪಘಾತ ಅನ್ನುತ್ತಾರೆ. ಯಾರು ಮಾಡಿದರು, ಯಾಕೆ ಮಾಡಿದರು ಅನ್ನುವುದು ಅವನಿಗೆ ಗೊತ್ತಾಗಬೇಕಿತ್ತು. ಅವಳು ಒಂದೊಂದನ್ನೂ ಬಿಗಿದಳು.

"ಹಳೇ ಗಾಜು ನಮಗಿರ್ಲಿ ಸಾವ್ಕಾರ್ರ. ಕೆಲಸಕ್ಕ ಬರ್ತತಿ."

"ಇಟ್ಕೊ. ನಾ ಏನ್ ಮಾಡ್ಲಿ ಅದನ್ನ."

ಮಧ್ಯಾಹ್ನವೇ ಅವಳು ತವರಿಗೆ ಹೋಗಿ ಮುರಿದ ಹುಟ್ಟು ಕೇಳಿದಳು. ಹುಸೇನಪ್ಪ ಎಡಗೈಯಿಂದ ಮೂಲೆ ತೋರಿಸಿದ. "ಬಿಡಬೇ ಅದನ್ನ. ಹ್ವಾದ ಕೈ ಬರ್ತತೇನು?"

"ನಿನಗ ಬ್ಯಾಡಾದ್ರ ಬಿಡು. ನನಗ ಬೇಕು," ಎಂದಳು.

ಠಾಣೆಯಲ್ಲಿ ಹೊಸದಾಗಿ ಬಂದಿದ್ದ ಎಸ್.ಐ. ಹುಟ್ಟಿನ ಮುರಿದ ತುದಿಯನ್ನು ಸಿಬಿರಿನ ಪಕ್ಕ ಇಟ್ಟು ನೋಡಿದರು, ಫೋಟೊಗಳನ್ನೂ ನೋಡಿದರು. ಪಂಕ್ಚರ್ ಅಂಗಡಿಯವರು ಜಂಬುನಾಥನ ಬಾಯಿಂದ ಕೇಳಿದ್ದನ್ನು ಕೇಳಿದಂತೆಯೇ ಹೇಳಿದರು. ಮರುದಿನ ಹಿನ್ನೀರಿನ ದಡದಲ್ಲಿ, ಹಂಪಿಯಿಂದ ಬಂದವರು ಲೈಫ್ ಜಾಕೆಟ್ ಹಾಕಿಕೊಳ್ಳುತ್ತಿದ್ದಾಗಲೇ ಪೊಲೀಸರು ಬೋಟು ಜಪ್ತಿ ಮಾಡಿ ಜಂಬುನಾಥನನ್ನು ಹಿಡಿದೊಯ್ದರು. ಪಂಪಾವತಿ ದೂರದಲ್ಲಿ ನಿಂತು ನೋಡಿದಳು. ತಾನು ಕೂರಿಸಿದ ಗಾಜು ಬಿಸಿಲಿಗೆ ಹೊಳೆಯುತ್ತಿತ್ತು.

ಬೇಲಿನ ಮೇಲೆ ಹೊರಬಂದ ಜಂಬುನಾಥ ಹುಸೇನಪ್ಪನ ಮನೆ ಹುಡುಕಿಕೊಂಡು ಬಂದ. ಗಾಜಿನ ಅಂಗಡಿಯ ಹೆಂಗಸು ಬಾಗಿಲಲ್ಲಿ ನಿಂತಿದ್ದನ್ನು ಕಂಡು ಅವನ ಮುಖ ಬಿಳಿಚಿತು.

"ಬರ್ರಿ, ಕುಂದ್ರಿ," ಎಂದ ಹುಸೇನಪ್ಪ ಒಳಗಿನಿಂದ.

ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಪಂಪಾವತಿ ಎಳೆದುಕೊಂಡು ತಾನೇ ಕೂತಳು.

"ತಪ್ಪಾತು ತಂಗಿ. ಕೇಸು ವಾಪಸ್ ತಗೋರಿ. ಕೈ ಮುಗೀತೀನಿ."

"ಮುಗೀರಿ. ನಿಮಗ ಎರಡೂ ಅದಾವ."

ಜಂಬುನಾಥ ಅರ್ಧಕ್ಕೆ ಎತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಆಮೇಲೆ ತಿರುಗಿ ಹೊರಟುಹೋದ.

"ಚಾ ಆದ್ರೂ ಕೊಡಬೇಕಿತ್ತು," ಎಂದ ಹುಸೇನಪ್ಪ.

ಕೇಸು ಇನ್ನೂ ನಡೆದಿದೆ. ಕೋರ್ಟಿನ ವಾಯಿದೆ ಇದ್ದ ದಿನ ಸಾಕ್ಷಿಗೆ ಕರೆದರಷ್ಟೇ ಹುಸೇನಪ್ಪ ಹೋಗುತ್ತಾನೆ. ಪಂಪಾವತಿ ಮಾತ್ರ ಅಂಗಡಿಯನ್ನು ಗಂಡನಿಗೆ ಬಿಟ್ಟು ತಪ್ಪದೆ ಹೋಗುತ್ತಾಳೆ. ಕೋರ್ಟಿನಲ್ಲಿ ಜಂಬುನಾಥನಿಗೆ ಕಾಣುವ ಜಾಗ ಹುಡುಕಿ ಕೂರುತ್ತಾಳೆ. ಅವನು ತಲೆ ತಗ್ಗಿಸುವವರೆಗೆ ಕಣ್ಣು ತೆಗೆಯುವುದಿಲ್ಲ.