ಮಾಬುನ್ನಿ ನಂಬಿದ ಅಂಕಿ

ಕ್ಷಮಿಸಿ. ಅಂಗೈಯಗಲದ ಸರ್ಕ್ಯೂಟ್ ಬೋರ್ಡೊಂದು ತನ್ನ ಬಾಳನ್ನು ಹೇಳಿಕೊಳ್ಳುವುದು ಅಧಿಕಪ್ರಸಂಗವೇ ಸರಿ. ಸರಿಯಾಗಿ ಹೇಳಬಲ್ಲೆನೆಂಬ ಧೈರ್ಯವೂ ನನಗಿಲ್ಲ.

ನಾನು ಹುಟ್ಟಿದ್ದು ರಾಣೆಬೆನ್ನೂರಿನ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ. ಬೆಸುಗೆ ಹಾಕಿದವನು ಫಕ್ಕೀರೇಶ. ಶಾಖ ಅಳೆಯುವ ತಂತಿಗೆ ಸದಾ ಒಂದೇ ಅಳತೆಯ ಕರೆಂಟು ಕೊಡುವುದಷ್ಟೇ ನನ್ನ ಕೆಲಸ. ನಾನು ಕೊಡುವುದು ಕಡಿಮೆಯಾದರೆ ಮೀಟರು ಶಾಖವನ್ನೂ ಕಡಿಮೆ ತೋರಿಸುತ್ತದೆ. ಫಕ್ಕೀರೇಶ ಹೊಸ ಬ್ಯಾಟರಿಗೆ ಜೋಡಿಸಿ ನೋಡಿದ, ಅಂಕಿ ಕದಲಲಿಲ್ಲ.

"ಗಟ್ಟಿ ಅದೀಯಲೇ ಮಗನ!" ಎಂದ. ಸದಾ ಏರಿಳಿಯುವ ಊರಿನ ಕರೆಂಟ್ ಲೈನಿಗೆ ಹಾಕಿ ನೋಡಲಿಲ್ಲ.

ನನ್ನನ್ನು ಕೊಂಡವರು ಊರಾಚೆಯ ಕೋಳಿಮರಿ ಹ್ಯಾಚರಿಯ ಕೊಟ್ರಗೌಡರು. ಅಲ್ಲಿ ಮೊಟ್ಟೆಗಳ ಕಾವು ನೋಡಿಕೊಳ್ಳುವವಳು ಮಾಬುನ್ನಿ. ಗ್ಯಾಸಿನ ಉರಿ ಏರಿಸಿ ಇಳಿಸಿ, ಆಗಾಗ ಒಂದು ಮೊಟ್ಟೆಯನ್ನು ಮುಚ್ಚಿದ ಕಣ್ಣರೆಪ್ಪೆಗೆ ಒತ್ತಿ ಬಿಸಿ ನೋಡುವಳು. ಹಿಂದಿನ ಸಲ ಅರ್ಧದಷ್ಟು ಮೊಟ್ಟೆ ಕೆಟ್ಟಿದ್ದವು.

"ಕಣ್ಣಿಗೆ ಒತ್ಕೊಳ್ಳೋ ಆಟ ಸಾಕು. ಮೀಟರ್ ನೋಡು," ಎಂದರು ಗೌಡರು. "ಈ ಸಲಾನೂ ಮರಿ ಬರಲಿಲ್ಲಂದ್ರ ನಿನ್ನ ಕೆಲಸ ಮುಗೀತು."

"ಆತ್ರಿ ಸಾವ್ಕಾರ್ರ. ಇನ್ನ ಮೀಟರ್ ಹೇಳಿದಂಗ."

ಮರಿಗಳು ಹೊರಬರುವ ದಿನ ಹತ್ತಿರವಾಗಿತ್ತು. ಒಂದು ಬೆಳಗ್ಗೆ ತ್ರೀಫೇಸ್ ಕರೆಂಟು ಬಂದದ್ದೇ ಸುತ್ತಲಿನ ಹೊಲಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದವು. ವೋಲ್ಟೇಜು ಕುಸಿಯಿತು, ಅದರ ಜೊತೆ ನಾನೂ ಕುಸಿದೆ. ಅಂಕಿ ಇಳಿಯಿತು. ಮಾಬುನ್ನಿ ಉರಿ ಏರಿಸಿದಳು. ಮತ್ತೂ ಏರಿಸಿದಳು. ಮನಸ್ಸು ತಡೆಯದೆ ಒಂದು ಮೊಟ್ಟೆಯನ್ನು ರೆಪ್ಪೆಗೆ ಒತ್ತಿ ಬೆಚ್ಚಿದಳು.

"ಯಾ ಅಲ್ಲಾ, ಸುಡಾಕತ್ತೈತಲ್ಲ!" ಮೀಟರಿನತ್ತ ನೋಡಿದಳು. "ಇಲ್ಲ… ಈಗರ ತಣ್ಣೀರಿಲೆ ಮಾರಿ ತೊಳಕೊಂಡೇನಿ, ಅದಕ್ಕ ಹಂಗನ್ನಿಸ್ತೈತಿ."

ಕೂಗಿ ಹೇಳಬೇಕೆನಿಸಿತು. ನನಗಿದ್ದ ಬಾಯಿ ಆ ಅಂಕಿಯೊಂದೇ.

ಮಧ್ಯಾಹ್ನ ಪಂಪ್‌ಸೆಟ್ಟುಗಳು ನಿಂತವು, ವೋಲ್ಟೇಜು ಮರಳಿತು. ಅಂಕಿ ಒಮ್ಮೆಲೇ ಮೇಲಕ್ಕೆ ಹಾರಿತು. ಅವಳು ಉರಿ ಆರಿಸಿ, ಬಾಗಿಲು ತೆರೆದು, ಸೆರಗಿನಿಂದ ಗಾಳಿ ಬೀಸಿದಳು. ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದು ಕೂತಳು. ಆಮೇಲೆ ಇನ್ನೊಂದನ್ನು. ಯಾವುದರೊಳಗೂ ಸದ್ದಿರಲಿಲ್ಲ. ಸಂಜೆ ಬುತ್ತಿಡಬ್ಬಿ ಎತ್ತಿಕೊಂಡು ಹೊರಟುಹೋದಳು.

ಗೌಡರು ನನ್ನನ್ನು ಕಿತ್ತು ತಂದು, ಮಾಬುನ್ನಿಯನ್ನು ಬೈಯುತ್ತಲೇ ಫಕ್ಕೀರೇಶನ ಮುಂದೆ ಎಸೆದರು. ಅವನು ವೋಲ್ಟೇಜು ಏರಿಳಿಸಿ ನೋಡಿದ, ಅಂಕಿಯೂ ಏರಿಳಿಯಿತು. ಕರೆಂಟನ್ನು ಅಳೆದು ಬಿಡುವ ನನ್ನ ಪುಟ್ಟ ಟ್ರಾನ್ಸಿಸ್ಟರಿನ ಮೇಲೆ ಅಂಥದೇ ಇನ್ನೊಂದನ್ನು ಕೂರಿಸಿದ. ಲೈನಿನ ಏರಿಳಿತವನ್ನೆಲ್ಲ ಮೇಲಿನದು ತಾಳಿಕೊಳ್ಳುತ್ತದೆ. ಕೆಳಗಿನದಕ್ಕೆ ಅದು ತಟ್ಟುವುದಿಲ್ಲ. ಮತ್ತೆ ಏರಿಳಿಸಿದರೂ ಅಂಕಿ ನಿಂತಲ್ಲೇ ನಿಂತಿತು.

"ಇದೊಂದು ಹಾಕಿದ್ರ ಆಗ್ತಿತ್ತಲ್ಲ…" ಅವನು ಹಣೆ ಒತ್ತಿಕೊಂಡ. "ಆಕಿದೇನೂ ತಪ್ಪಿಲ್ಲ. ಹೋಗಿ ಹೇಳಬೇಕು."

ಗೌಡರು ನನ್ನನ್ನು ಮರಳಿ ಒಯ್ಯಲಿಲ್ಲ. ಅಂಗಡಿಯ ಅಟ್ಟದ ಮೇಲೆ, ಹಳೆಯ ಸ್ಪೀಕರುಗಳ ನಡುವೆ ಬಿದ್ದಿದ್ದೇನೆ. ಈಗ ಎಂಥ ಲೈನು ಕೊಟ್ಟರೂ ನಾನು ಕದಲುವುದಿಲ್ಲ, ಕೊಡುವವರಿಲ್ಲ. ಫಕ್ಕೀರೇಶ ಹೋಗಿ ಹೇಳಿದನೋ, ಮಾಬುನ್ನಿ ಇನ್ನೂ ತನ್ನನ್ನೇ ಶಪಿಸಿಕೊಳ್ಳುತ್ತಿದ್ದಾಳೋ, ನನಗೆ ಗೊತ್ತಿಲ್ಲ.